ಚಿಕ್ಕಮ್ಮ ತೊಳೆದ ಬ್ಯಾಟರಿ

ನಮ್ಮ ಚಿಕ್ಕಮ್ಮನದು ಬ್ಯಾಟರಿ ರಿಪೇರಿ ಅಂಗಡಿ. ಲಾರಿ ನಿಲ್ಲಿಸಿದವರು “ಯಜಮಾನ್ರಿಲ್ವಾ?” ಎಂದರೆ “ನಾನೇ ಯಜಮಾನ್ರು, ಬಾನೆಟ್ ಎತ್ತಿ” ಎನ್ನುವವರ ಪೈಕಿ ಅವಳು. ಆದರೆ ಚಿಕ್ಕಪ್ಪ ತನ್ನ ಮನೆಗಾಡಿಯನ್ನು ಮಾತ್ರ ಅವಳ ಕೈಗೆ ಕೊಟ್ಟವನಲ್ಲ. ಒಳಗೆ ಹಾಸಿಗೆ, ಒಲೆ, ಸಿಂಕ್ ಎಲ್ಲ ಇದ್ದ ಹಳೇ ವ್ಯಾನ್ ಅದು. ಬಿಡುವಾದಾಗ ಅದರಲ್ಲಿ ಒಬ್ಬನೇ ಊರೂರು ಸುತ್ತುತ್ತಿದ್ದ. “ನೀನು ಕೈ ಹಾಕಿದ್ರೆ ಇದೂ ಅಂಗಡಿ ಸಾಮಾನಾಗತ್ತೆ” ಎಂದು ರೇಗಿಸುತ್ತಿದ್ದ.

ಅದೇ ಗಾಡಿಯಲ್ಲಿ, ಯಾವುದೋ ಕೆರೆಯ ಪಕ್ಕ, ಒಂದು ರಾತ್ರಿ ತೀರಿಕೊಂಡ. ಹೃದಯ ನಿಂತಿದೆ, ನಿದ್ದೆಯಲ್ಲೇ ಹೋಗಿದ್ದಾರೆ ಎಂದರು ಡಾಕ್ಟರು. ಚಿಕ್ಕಮ್ಮ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅಳಲಿಲ್ಲ. ಬಂದವರಿಗೆಲ್ಲ “ಅವರಿಗೆ ಏನೂ ಗೊತ್ತಾಗಿಲ್ಲ” ಎಂದು ಹೇಳಿ ಕಾಫಿ ಕೊಟ್ಟಳು. ಅವಳ ಅತ್ತೆ, ಅಂದರೆ ನಮ್ಮಜ್ಜಿ, ಮಗ ನರಳಲಿಲ್ಲ ಎಂಬ ಒಂದೇ ಸಮಾಧಾನದ ಮೇಲೆ ಎರಡು ತುತ್ತು ತಿನ್ನುತ್ತಿದ್ದರು. ನನಗೆ ಮಾತ್ರ ಚಿಕ್ಕಮ್ಮನ ಅಳದ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು.

ಕೆರೆಯ ಹತ್ತಿರದಿಂದ ಕಟ್ಟಿ ಎಳೆದು ತಂದು ನಿಲ್ಲಿಸಿದ್ದ ಗಾಡಿಯನ್ನು ಮಾರುವುದೆಂದಾಯಿತು. ಕೊಳ್ಳುವವರು ಬರುವ ಹಿಂದಿನ ದಿನ ನಾನೂ ಅವಳ ಜೊತೆ ಕೂತೆ. ಬ್ಯಾಟರಿಯ ತಲೆಯ ಮೇಲೆ ಬಿಳಿ ಹಸಿರು ಪುಡಿ ಗಂಟುಗಟ್ಟಿತ್ತು. “ಎಂಥ ಸೋಮಾರಿ ನೋಡು ನಿನ್ನ ಚಿಕ್ಕಪ್ಪ” ಎಂದಳು. ಮೊದಲು ನೆಗೆಟಿವ್ ವೈರ್ ಬಿಚ್ಚಿದಳು. ಅಡುಗೆ ಸೋಡಾ ಕಲಸಿದ ಬಿಸಿನೀರು ಹೊಯ್ದಾಗ ಪುಡಿ ಬುಸ್ಸೆಂದು ನೊರೆಯಾಯಿತು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ರಾತ್ರಿಯಿಡೀ ಚಾರ್ಜಿಗಿಟ್ಟು, ಬೆಳಿಗ್ಗೆ ತಂದು ಕೂರಿಸಿದಳು.

ಕೊನೆಯ ವೈರ್ ತಗುಲಿಸಿದ್ದೇ ತಡ, ಹಾಸಿಗೆಯ ಮೇಲಿನ ದೀಪ ಹತ್ತಿತು. ಬಾಗಿಲ ಹೊರಗಿನದೂ ಹತ್ತಿತು. ನಾವು ಯಾವ ಸ್ವಿಚ್ಚನ್ನೂ ಮುಟ್ಟಿರಲಿಲ್ಲ.

ಚಿಕ್ಕಪ್ಪ ಕತ್ತಲಿಲ್ಲದೆ ನಿದ್ದೆ ಮಾಡುವವನೇ ಅಲ್ಲ. ಗಡಿಯಾರದ ಮಿಣುಕಿಗೂ ಬಟ್ಟೆ ಮುಚ್ಚುತ್ತಿದ್ದ. ಆ ರಾತ್ರಿ ದೀಪ ಹಾಕಿದವನು ಅವನೇ. ಅವು ಉರಿದುರಿದು, ಬ್ಯಾಟರಿ ಖಾಲಿಯಾಗಿ ಆರಿಹೋಗಿದ್ದರಿಂದ ಮರುದಿನ ಅವನನ್ನು ಕಂಡವರಿಗೆ ತಿಳಿದಿರಲಿಲ್ಲ.

ಚಿಕ್ಕಮ್ಮ ಸ್ಪ್ಯಾನರ್ ಹಿಡಿದುಕೊಂಡೇ ನಿಂತಿದ್ದಳು.

“ಎಚ್ಚರ ಇದ್ರು ಕಣೇ” ಎಂದಳು. “ಯಾರಾದ್ರೂ ನೋಡ್ಲಿ ಅಂತ ಹೊರಗಡೇದೂ ಹಾಕಿದಾರೆ.”

ಅವಳು ಗಾಡಿ ಹತ್ತಿ ಒಳಗಿನ ದೀಪ ಆರಿಸಿದಳು. ಹೊರಗಿನದರ ಸ್ವಿಚ್ಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಳು.

“ಅತ್ತೆಗೆ ಹೇಳ್ಬೇಡ” ಎಂದು ಅದನ್ನೂ ಆರಿಸಿದಳು.