ಹಜ್‌ಗೆ ಹೊರಟವರು ಮಾಫಿ ಕೇಳಲು ಬಂದಾಗ

ನಮ್ಮಪ್ಪ ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಕ್ಯಾಥೊಲಿಕರು ಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಅವನಷ್ಟು ಹಳೇ ಕಾಲದ ಕ್ಯಾಥೊಲಿಕ ಇನ್ನೊಬ್ಬನಿರಲಿಲ್ಲ. ಚರ್ಚಿನ ಪೂಜೆ ಕನ್ನಡಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಅವನು ಕೊನೆಯ ಬೆಂಚಿನ ಹಿಂದೆ ಮಂಡಿಯೂರಿ ಲ್ಯಾಟಿನ್ನಿನಲ್ಲೇ ಪಿಸುಗುಡುತ್ತಿದ್ದ. ಒಂದಕ್ಷರದ ಅರ್ಥವೂ ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ, "ದೇವರಿಗೆ ತಿಳೀತೈತಿ, ನೀ ಸುಮ್ನಿರು" ಅನ್ನುತ್ತಿದ್ದ.

ಅವನದು ಒಂದೇ ಪ್ರಶ್ನೆ: "ಈ ಗಳಿಗ್ಯಾಗ ಮ್ಯಾಲಿಂದ ಕರಿ ಬಂದ್ರ ತಯಾರ ಅದಿ ಏನು?" ನಾನು ಅನ್ನ ಕಲಸುವಾಗ ಕೇಳುತ್ತಿದ್ದ, ಜಡೆ ಹಾಕಿಕೊಳ್ಳುವಾಗ ಕೇಳುತ್ತಿದ್ದ. ಒಮ್ಮೆ ಕಕ್ಕಸಿನ ಬಾಗಿಲ ಹೊರಗೆ ನಿಂತು ಕೇಳಿದ್ದೂ ಉಂಟು. ತಯಾರಿರುವುದೆಂದರೆ ಪಾಪನಿವೇದನೆ ಮಾಡಿರಬೇಕು. ಅಂದರೆ ಚರ್ಚಿನ ಗುರುಗಳ ಮುಂದೆ ಮಂಡಿಯೂರಿ, ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಿ, ಕ್ಷಮೆ ಪಡೆದಿರಬೇಕು. ಅಪ್ಪ ಒಂದು ಶನಿವಾರ ಪಾಪನಿವೇದನೆ ಮುಗಿಸಿ ಮನೆಗೆ ಬಂದು, ಚಹಾ ಕುಡಿದು, ಗೋಡೆಗೊರಗಿದವನು ಹಾಗೇ ಹೋಗಿಬಿಟ್ಟ. ನನಗೆ ದುಃಖದ ಜೊತೆ ಸಿಟ್ಟೂ ಬಂದಿತ್ತು, ಪಂದ್ಯ ಗೆದ್ದು ಎದ್ದು ಹೋದನಲ್ಲ ಅಂತ.

ಅವನಿಂದ ನನಗೆ ಬಂದದ್ದು ಚರ್ಚಿನಲ್ಲಿ ತಲೆ ಮೇಲಿನ ಸೆರಗು, ಶುಕ್ರವಾರ ಮಾಂಸ ಮುಟ್ಟದ ನೇಮ ಮತ್ತು ಆ ಪ್ರಶ್ನೆ. ತಪ್ಪನ್ನು ಕೂಡಲೇ ಒಪ್ಪಿಕೊಳ್ಳುವ ಅವನ ಅವಸರ ಮಾತ್ರ ಬರಲಿಲ್ಲ.

ಪಕ್ಕದ ಮನೆಯವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಅನ್ನುತ್ತೇವೆ; ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಗಂಡ ತೀರಿದ ಮೇಲೆ ಬಳೆ ಅಂಗಡಿ ನಡೆಸಿಕೊಂಡು ಮಗಳನ್ನು ಬೆಳೆಸಿದರು. ಹನ್ನೊಂದು ವರ್ಷದ ಹಿಂದೆ ಅವರ ಮನೆಯಲ್ಲೊಂದು ಆಡು ಇತ್ತು. ಗರಿಗಳ ಭಾನುವಾರ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿಯನ್ನು ನಾವು ವರ್ಷವಿಡೀ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಮುಂದಿನ ಬೂದಿ ಬುಧವಾರಕ್ಕೆ ಅದನ್ನೇ ಸುಟ್ಟು ಹಣೆಗೆ ಬೂದಿ ಹಚ್ಚುತ್ತಾರೆ. ಗೋಡೆಗೆ ಸುಣ್ಣ ಬಳಿಯಬೇಕೆಂದು ನಾನೇ ಆ ಗರಿಯನ್ನು ತೆಗೆದು ಕಟ್ಟೆಯ ಮೇಲಿಟ್ಟಿದ್ದೆ. ಆಡು ಬಂದು ಒಂದು ಕಡ್ಡಿಯೂ ಉಳಿಯದಂತೆ ತಿಂದಿತ್ತು. ನಾನು ಕೂಗಾಡಿದೆ. ಆಪಾ ನಕ್ಕುಬಿಟ್ಟರು. "ಅದಕ್ಕೇನು ಗೊತ್ತ್ರೀ ಟೀಚರ್ರ, ಹಸಿವು ಒಂದ ಗೊತ್ತು" ಅಂದರು. ಇಟ್ಟದ್ದು ನನ್ನ ತಪ್ಪೇ, ನಿಜ. ಆದರೆ ಆ ನಗು ನನ್ನ ಮೈ ಉರಿಸಿತು.

ಅದೇ ವಾರ ಕುಷ್ಟಗಿಯಿಂದ ಇಬ್ಬರು ಹೆಂಗಸರು ನಮ್ಮ ಮನೆಗೆ ಬಂದರು. ಆಪಾನ ಮಗಳನ್ನು ತಮ್ಮ ಹುಡುಗನಿಗೆ ತರಬೇಕೆಂದಿದ್ದರು. "ಹುಡುಗಿ ನಿಮ್ಮ ಸಾಲ್ಯಾಗ ಕಲ್ತಾಳಂತ. ಹೆಂಗದಾಳ್ರಿ?" ಎಂದು ಕೇಳಿದರು. ನನ್ನ ಕೈಯಲ್ಲಿ ಐದು ವರ್ಷ ಓದಿದ, ಒಂದು ದಿನವೂ ತಿರುಗಿ ಮಾತಾಡದ ಹುಡುಗಿ. ನಾನು ಒಮ್ಮೆ ಆಪಾನ ಮನೆಯ ಕಡೆ ನೋಡಿ, "ನಮ್ಮ ಬಾಯಾಗ ಯಾಕ ಬಿಡ್ರಿ" ಅಂದೆ. ಅಷ್ಟೇ. ಹೆಂಗಸರು ಮುಖ ಮುಖ ನೋಡಿಕೊಂಡರು, ಅರ್ಧ ಕುಡಿದ ಚಹಾ ಕೆಳಗಿಟ್ಟರು.

ಆ ಸಂಬಂಧ ಕೂಡಲಿಲ್ಲ. ಆಮೇಲೆ ಬಂದ ಎರಡು ಸಂಬಂಧಗಳೂ ಹಾಗೇ ಬಿಟ್ಟುಹೋದವು. ಹುಡುಗಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಕೂತಳು. ಅವಳ ಕೈಯಲ್ಲಿ ಬ್ಲೌಸ್ ಹೊಲಿಸಲು ಯಲಬುರ್ಗಾದಿಂದಲೂ ಬರುತ್ತಾರೆ. ನಾನು ಮಾತ್ರ ಪಕ್ಕದಲ್ಲೇ ಇದ್ದು, ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿಗೆ ಕೊಡುತ್ತಿದ್ದೆ. ಅವಳು ಟೇಪು ಹಿಡಿದು ನನ್ನ ಹೆಗಲು ಮುಟ್ಟಿದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ನಾನು ಸುಳ್ಳು ಹೇಳಿದ್ದೆನೇ? ಇಲ್ಲ. ಚಾಡಿ ಹೇಳಿದ್ದೆನೇ? ಏನನ್ನೂ ಹೇಳಲೇ ಇಲ್ಲವಲ್ಲ. ಆ ಹೆಂಗಸರು ಬೇರೆ ಕಾರಣಕ್ಕೂ ಬಿಟ್ಟಿರಬಹುದು. ಮದುವೆಯಾಗದೆ ಆ ಹುಡುಗಿ ಸುಖವಾಗಿಯೇ ಇರಬಹುದು. ಹೀಗೆ ನನಗೆ ನಾನೇ ವಕೀಲೆಯಾಗಿ ವಾದ ಮಾಡುತ್ತಿದ್ದೆ. ವಾದ ಮುಗಿಯುವಷ್ಟರಲ್ಲಿ ನಮ್ಮ ಕಡೆ ಆ ಮಾತಿಗೆ ಏನರ್ಥ ಎಂಬುದು ನೆನಪಾಗುತ್ತಿತ್ತು. ನಡತೆ ಸರಿಯಿಲ್ಲ ಎಂದು. ಹುಡುಗಿಯ ಬಗ್ಗೆ ಅದಕ್ಕಿಂತ ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಲಾಗುವುದಿಲ್ಲ.

ಪಾಪನಿವೇದನೆಯಲ್ಲಿ ಎರಡು ಸಲ, "ನೆರೆಯವರ ವಿಷಯದಲ್ಲಿ ನಾಲಿಗೆ ತಪ್ಪಿತು" ಎಂದು ತೇಲಿಸಿ ಹೇಳಿದೆ. ನಾಲಿಗೆ ತಪ್ಪಿರಲಿಲ್ಲ, ಸರಿಯಾದ ಜಾಗಕ್ಕೇ ಹೊಡೆದಿತ್ತು. ಮೂರು ವರ್ಷದ ಹಿಂದೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಕೊಪ್ಪಳಕ್ಕೆ ಒಬ್ಬ ವಯಸ್ಸಾದ ಗುರುಗಳು ಬಂದಿದ್ದರು. ಅಪ್ಪನ ಹಾಗೆಯೇ ಹಳೇ ಪದ್ಧತಿಯವರು. ಅವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಕೆಡಿಸಿದ ಹೆಸರನ್ನು ಸರಿಮಾಡುವುದೂ ಪಶ್ಚಾತ್ತಾಪವೇ. ಹೋಗಿ ಅವರಿಗೆ ಹೇಳಿ. ಬೇಗ ಹೇಳಿ" ಅಂದರು. ಹೇಳುತ್ತೇನೆಂದು ಮಾತು ಕೊಟ್ಟೆ. ಕ್ಷಮೆ ಸಿಕ್ಕಿತು. ಬರುವಾಗ ಬಸ್ಸಿನಲ್ಲಿ ಮನಸ್ಸು ಹಗುರಾಗಿತ್ತು, ಗಂಗಾವತಿಯಲ್ಲಿ ಇಳಿಯುವಷ್ಟರಲ್ಲಿ ಕಾರಣಗಳು ಹುಟ್ಟಿಕೊಂಡಿದ್ದವು. ಪರೀಕ್ಷೆ ಮುಗಿಯಲಿ ಅಂದೆ. ರಂಜಾನ್ ಕಳೆಯಲಿ ಅಂದೆ. ನಾನು ರಿಟೈರ್ ಆಗಲಿ ಅಂದೆ. ಪ್ರತಿ ಭಾನುವಾರ ಪರಮಪ್ರಸಾದಕ್ಕೆ ನಾಲಿಗೆ ಚಾಚುವಾಗ, ಕೊಟ್ಟ ಮಾತು ಉಳಿಸದ ನನಗೆ ಇದು ಸಲ್ಲುತ್ತದೋ ಇಲ್ಲವೋ ಎಂದು ತಿಳಿಯದೆ ಒದ್ದಾಡಿದೆ.

ಈ ವರ್ಷ ಆಪಾ ಹಜ್‌ಗೆ ಹೊರಟರು. ಹೊರಡುವ ಮುಂಚೆ ಗುರುತಿನವರ ಮನೆಗೆಲ್ಲ ಹೋಗಿ ಮಾಫಿ ಕೇಳಿಬರುವುದು ಅವರ ಪದ್ಧತಿ. ಮಧ್ಯಾಹ್ನ ಮೂರಕ್ಕೆ ಗಾಡಿ, ಹತ್ತು ಗಂಟೆಗೆ ನಮ್ಮ ಮನೆಗೆ ಬಂದು ಕೂತು ನನ್ನ ಎರಡೂ ಕೈ ಹಿಡಿದುಕೊಂಡರು.

"ಅಂದಿದ್ದು ಆಡಿದ್ದು ಏನಿದ್ರೂ ಮಾಫ್ ಮಾಡ್ರಿ ಟೀಚರ್ರ. ನಮ್ಮ ಆಡು ನಿಮ್ಮ ದೇವರ ಗರಿ ತಿಂದಾಗ ನಾ ನಕ್ಕಿದ್ದೆ. ನಗಬಾರದಿತ್ತು."

ಯಾರು ಯಾರನ್ನು ಕೇಳಬೇಕಿತ್ತು? "ಮಾಫ್ ರೀ, ಹೋಗಿಬರ್ರಿ" ಎಂದುಬಿಟ್ಟರೆ ಗಾಡಿ ಹೊರಡುತ್ತಿತ್ತು, ಎಲ್ಲ ಮುಗಿಯುತ್ತಿತ್ತು. ಆ ಮಾತು ತುಟಿಯವರೆಗೂ ಬಂದಿತ್ತು. ಅದರ ಬದಲು ಕುಷ್ಟಗಿಯ ಹೆಂಗಸರ ಕತೆ ಹೊರಬಿತ್ತು. ನಡುವೆ ಎಷ್ಟು ಅತ್ತೆನೋ ಗೊತ್ತಿಲ್ಲ.

ಆಪಾ ಕೈ ಬಿಟ್ಟರು. ಅವರಿಗೆ ಇದೇನೂ ಗೊತ್ತಿರಲಿಲ್ಲ.

"ನನ್ನ ಪಾಲಿಂದು ಮಾಫ್" ಅಂದರು, ಒಣಗಿದ ದನಿಯಲ್ಲಿ. "ಮನಸಿನ್ಯಾಗ ಸಿಟ್ಟು ಇಟ್ಕೊಂಡು ಅಲ್ಲಿ ಹೋಗಿ ನಿಲ್ಲಾಕ ಆಗೂದಿಲ್ಲ. ಆದ್ರ ಮಗಳ ಪಾಲಿಂದು ನನ್ನ ಕೈಯಾಗಿಲ್ಲ. ಆಕಿಗೆ ನೀವ ಹೇಳಬೇಕು."

"ನೀವು ವಾಪಸ್ ಬಂದ ಮ್ಯಾಲೆ ಹೇಳ್ತೀನ್ರಿ, ಆಪಾ."

"ಬಂದ್ರ ಅಲ್ರಿ?" ಅಂದರು.

ಎದ್ದು ಅವರ ಹಿಂದೆಯೇ ಅವರ ಮನೆಗೆ ಹೋದೆ. ಮಗಳು ತಾಯಿಯ ಚೀಲಕ್ಕೆ ಒಳಜೇಬು ಹೊಲಿಯುತ್ತಿದ್ದಳು. ನನ್ನನ್ನು ನೋಡಿ, ಈಗಲೂ ಕ್ಲಾಸಿನಲ್ಲಿದ್ದಂತೆ ಎದ್ದು ನಿಂತಳು. ಆಪಾ ಒಳಗೆ ಹೋದರು. ನಾನು ನಿಂತೇ ಹೇಳಿದೆ, ಈ ಸಲ ಅಳದೆ, ಒಂದು ಮಾತನ್ನೂ ಹಾರಿಸದೆ. ಕುಷ್ಟಗಿಯವರ ಮನೆಗೆ ಹೋಗಿ ನಿಜ ಹೇಳಿಬರುತ್ತೇನೆ ಎಂದೂ ಅಂದೆ.

"ಆ ಹುಡುಗಗ ಈಗ ಎರಡು ಮಕ್ಕಳದಾವ್ರಿ ಟೀಚರ್" ಅಂದಳು. ಚೀಲವನ್ನು ತಿರುಗಿಸಿ ದಾರ ಕತ್ತರಿಸಿದಳು. "ಇದನ್ನ ಹೇಳಾಕ ನಿಮಗ ಹನ್ನೊಂದು ವರ್ಷ ಬೇಕಾತು. ನನಗೂ ಟೈಮ್ ಬೇಕ್ರಿ."

"ಎಷ್ಟವ್ವಾ?" ಅಂದುಬಿಟ್ಟೆ, ನಾಚಿಕೆಯಿಲ್ಲದೆ.

"ಗೊತ್ತಿಲ್ರಿ" ಎಂದು ಕೂತು ಮಷೀನು ತುಳಿಯತೊಡಗಿದಳು.

ನನಗೀಗ ವಯಸ್ಸು ಅರವತ್ತೆರಡು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.