ದ್ವೀಪದಲ್ಲಿ ಉಳಿದವನು

ಅಪ್ಪಯ್ಯ ಹೋಗಿದ್ದ ನಾಡದೋಣಿ ಮರವಂತೆಯ ಎದುರು ಮಗುಚಿದಾಗ ನಾನು ಪಿಯುಸಿಯಲ್ಲಿದ್ದೆ. ಜೊತೆಗಿದ್ದವರು ಈಜಿ ಬಂದರು. ಅಪ್ಪಯ್ಯ ಬರಲಿಲ್ಲ, ಹೆಣವೂ ಸಿಗಲಿಲ್ಲ. ಹಾಗಾದಾಗ ದರ್ಭೆಯ ಬೊಂಬೆ ಮಾಡಿ ಸುಡುವುದು ಕ್ರಮ. ಅದು ಆಗುವವರೆಗೆ ಹೆಂಡತಿ ಕರಿಮಣಿ ತೆಗೆಯುವುದಿಲ್ಲ. ವರ್ಷ ಕಳೆದರೂ ಅಮ್ಮ ಒಪ್ಪಿರಲಿಲ್ಲ. ಕೊನೆಗೆ ಅಪ್ಪಯ್ಯನ ತಮ್ಮ, ನಮ್ಮ ಚಿಕ್ಕಯ್ಯ, ಕಾಡಿ ಬೇಡಿ ಬರುವ ಅಮಾವಾಸ್ಯೆಗೆಂದು ಒಪ್ಪಿಸಿದರು.

ಆ ವಾರವೇ ಕುಂದಾಪುರದ ಟಾಕೀಸಿಗೆ ಕಡಲ್ಗಳ್ಳರ ಸಿನಿಮಾ ಬಂತು. ಅದರ ಕಾದಂಬರಿಯನ್ನು ಹೈಸ್ಕೂಲಿನಲ್ಲೇ ಕನ್ನಡದಲ್ಲಿ ಓದಿದ್ದೆ. ಮನೆಯಲ್ಲೇ ಕೂತರೆ ತಲೆ ಕೆಡುತ್ತದೆಂದು ಅಮ್ಮನನ್ನೂ ಎಳೆದುಕೊಂಡು ಹೋದೆ. ಹಿಂದಿಗೆ ಡಬ್ ಆದ ಸಿನಿಮಾ, ಆದರೆ ಅಮ್ಮನಿಗೆ ಭಾಷೆ ಬೇಕಾಗಲಿಲ್ಲ. ಕಳ್ಳರು ತಮ್ಮವನೊಬ್ಬನನ್ನು ದ್ವೀಪದಲ್ಲಿ ಬಿಟ್ಟು ಹೋಗುತ್ತಾರೆ. ಕಾದಂಬರಿಯಲ್ಲಿ ಅವನು ಸಾಯುತ್ತಾನೆ, ಸಿಗುವುದು ಎಲುಬು ಮಾತ್ರ. ಸಿನಿಮಾದವರು ಮಕ್ಕಳು ಅತ್ತಾರೆಂದೋ ಏನೋ, ಅವನನ್ನು ಬದುಕಿಸಿಬಿಟ್ಟಿದ್ದರು. ಗಡ್ಡ ಬಿಟ್ಟುಕೊಂಡು ಅವನು ಹಡಗಿನತ್ತ ಓಡಿ ಬಂದಾಗ ಜನ ಚಪ್ಪಾಳೆ ಹೊಡೆದರು. ಅಮ್ಮ ಉಗುರು ನಾಟುವಂತೆ ನನ್ನ ಕೈ ಹಿಡಿದಳು.

ಬಸ್ಸಿನಲ್ಲಿ ಅಂದಳು, “ಹೆಣ್ಣೇ, ಬೈಂದೂರಿಂದ ಆಚಿಗ್ ಸಮುದ್ರದಗೆ ಒಂದ್ ಗುಡ್ಡ ಇತ್ತಲೆ, ಹರಕಿಗ್ ಹೋಪ್ದ್. ಅವ್ರ್ ಅಲ್ಲಿದ್ರೆ?”

“ಪುಸ್ತಕದಗೆ ಅಂವ ಸಾಯ್ತ ಅಮ್ಮ.”

“ಪುಸ್ತಕ ಬರ್ದವ ಹೋಯ್ ಕಂಡಿದ್ನಾ?”

ಸಿನಿಮಾದವನು ಕಂಡಿದ್ದಾನೆಯೇ ಎಂದು ಕೇಳಬೇಕೆನಿಸಿತು.

ಅಮಾವಾಸ್ಯೆಯ ಕ್ರಿಯೆ ನಿಂತಿತು. “ನಿಂಗ್ ಬೇರೆ ಪಿಕ್ಚರ್ ಸಿಕ್ಲಿಲ್ಯಾ?” ಎಂದು ಚಿಕ್ಕಯ್ಯ ನನಗೆ ಬೈದರು. ಮೀನಿನ ದೋಣಿಗೆ ಹೆಂಗಸರನ್ನು ಹತ್ತಿಸುವ ರೂಢಿ ನಮ್ಮಲ್ಲಿಲ್ಲ, ಆದರೆ ದ್ವೀಪದ ದೇವರಿಗೆ ಹರಕೆ ಒಪ್ಪಿಸುವ ದಿನ ಮನೆಮಂದಿಯೂ ಹೋಗುವುದುಂಟು. ಆ ದಿನ ಚಿಕ್ಕಯ್ಯನೇ ನಮ್ಮನ್ನು ಕರೆದೊಯ್ದರು. ಅಮ್ಮ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ಅಪ್ಪಯ್ಯನದೊಂದು ಅಂಗಿ ಕಟ್ಟಿಕೊಂಡಿದ್ದಳು. ನನಗೆ ಸಿಟ್ಟೂ ನಾಚಿಕೆಯೂ ಒಟ್ಟಿಗೇ ಬಂದವು.

ಹರಕೆ ಮುಗಿದ ಮೇಲೆ ಚಿಕ್ಕಯ್ಯ ದೋಣಿಯನ್ನು ದ್ವೀಪದ ಸುತ್ತ ತಂದರು. ಬರೀ ಬಂಡೆ, ನೊರೆ. ಗಂಡನ ಹೆಸರನ್ನು ಅಮ್ಮ ಎಂದೂ ಬಾಯಲ್ಲಿ ಹೇಳಿದವಳಲ್ಲ. ಹೇಗೆ ಕರೆಯುವುದೆಂದು ತಿಳಿಯದೆ, ಕೊನೆಗೆ ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದ ಹಾಗೆ, “ಹ್ವಾಯ್” ಅಂದಳು. ಅದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ನನ್ನಿಂದ ತಡೆಯಲಾಗಲಿಲ್ಲ. “ಅಪ್ಪಯ್ಯಾ” ಎಂದು ಕೂಗಿದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಬರಲಿಲ್ಲ. ಬಂಡೆಯ ಸಂದಿಸಂದಿಯಲ್ಲೂ ಗಡ್ಡದ ಮುಖ ಹುಡುಕಿದೆ. ಅವರು ಬದುಕಿದ್ದಾರೆಂದು ಅಮ್ಮನಿಗಿಂತ ಹೆಚ್ಚು ನಂಬಿದವಳು ನಾನೇ ಎಂದು ಆಗ ಗೊತ್ತಾಯಿತು. ಎದೆ ಒಡೆದು ಹೋಗುವ ಹಾಗೆ ಕೂಗಿದೆ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

“ಸಾಕ್ ಮಗಾ. ಅವ್ರ್ ಇಲ್ಲಿಲ್ಲ,” ಎಂದು, ಚಿಕ್ಕಯ್ಯನ ಕಡೆ ತಿರುಗಿ ಹೇಳಿದಳು, “ದೋಣಿ ತಿರ್ಗ್ಸ್. ಬಪ್ಪ ಅಮಾಸಿಗ್ ಕ್ರಿಯೆ ಮಾಡುವ.”

ನನ್ನ ಕೂಗು ನಿಲ್ಲಲೆಂದು ಅವಳು ಗಂಡನನ್ನು ಬಿಟ್ಟುಕೊಟ್ಟಳು. ನಾನು ಇನ್ನೂ ಕೂಗುತ್ತಲೇ ಇದ್ದೆ.