ಎಡಗಣ್ಣಿಗೆ ಕಂಡ ಸೇತುವೆ

ನನ್ನ ಹೆಂಡತಿ ನಾರಾಯಣಮ್ಮನ ಎಡಗಣ್ಣು ಕೆಡಿಸಿದವನು ನಾನು. ಆ ಕಣ್ಣನ್ನು ಉಳಿಸಿದವನು ನಾನೇ ಎಂದು ಅವಳನ್ನು ನಂಬಿಸಿದವನೂ ನಾನೇ. ಹನ್ನೊಂದು ವರ್ಷ ಆ ಸುಳ್ಳನ್ನು ಹೊದ್ದುಕೊಂಡು ತಲೆಯೆತ್ತಿ ಓಡಾಡಿದೆ. ಮೊದಲಿಗೇ ಇದನ್ನು ಬರೆದುಬಿಡುತ್ತೇನೆ — ಆಮೇಲೆ ಬರೆದರಾಯಿತು ಅಂದುಕೊಂಡರೆ ನನ್ನ ಕೈ ಬೇರೆ ಕಡೆ ತಿರುಗಿಕೊಳ್ಳುತ್ತದೆ, ಅದರ ಬುದ್ಧಿ ನನಗೆ ಗೊತ್ತು.

ನಮ್ಮದು ಕ್ಯಾಸಂಬಳ್ಳಿ ಪಕ್ಕದ ಒಂದು ಹಳ್ಳಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ಬಂಗಾರಪೇಟೆಯಲ್ಲಿ ವೆಲ್ಡಿಂಗ್ ಕಲಿತು, ಅಲ್ಲೇ ಸ್ವಂತ ಅಂಗಡಿ ಹಾಕಿ, ಮೂವತ್ತೈದು ವರ್ಷದಿಂದ ಗೇಟು, ಗ್ರಿಲ್ಲು ಮಾಡುತ್ತಿದ್ದೇನೆ. ನಾನು ಹಾಕಿದ ಬೆಸುಗೆ ಬಿಟ್ಟಿತು ಎಂದು ಇವತ್ತಿಗೂ ಒಬ್ಬರೂ ಬಂದು ಹೇಳಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ — ಇಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ. ಆ ಜಂಬ ಇಲ್ಲದಿದ್ದರೆ ಬರೆಯುವುದಕ್ಕೆ ಇಷ್ಟೊಂದು ಇರುತ್ತಿರಲಿಲ್ಲ.

ನಮ್ಮಪ್ಪ ಕಣ್ಣಿಗೆ ಸೊಪ್ಪಿನ ರಸ ಬಿಡುತ್ತಿದ್ದರು. ಎತ್ತಿನ ಕಣ್ಣಿಗೂ ಅದೇ, ಮನುಷ್ಯರ ಕಣ್ಣಿಗೂ ಅದೇ. ಹೊತ್ತು ಹುಟ್ಟುವ ಮೊದಲು ಯಾರ ಜೊತೆಗೂ ಮಾತಾಡದೆ ಎಲೆ ಕಿತ್ತು ತರಬೇಕು, ಅಂಗೈಯಲ್ಲೇ ಹಿಂಡಬೇಕು, ಕಾಸು ಮುಟ್ಟಬಾರದು, ಸೊಪ್ಪಿನ ಹೆಸರು ಯಾರಿಗೂ ಹೇಳಬಾರದು. ಆಗ ಹೇಳಬಾರದೆಂದು ಹೇಳಲಿಲ್ಲ. ಈಗಲೂ ಬರೆಯುವುದಿಲ್ಲ — ಓದಿದವರು ಯಾರಾದರೂ ಹಾಕಿಕೊಂಡಾರು ಎಂಬ ಹೆದರಿಕೆಗೆ.

ಅಪ್ಪ ಹೋದಮೇಲೆ ಆ ಕೆಲಸ ನನಗೆ ಬಂತು. ನನ್ನ ಔಷಧಿಯನ್ನು ನಾನೇ ನಂಬಿದ್ದಕ್ಕೆ ಒಂದು ಕಾರಣ ಇತ್ತು. ವೆಲ್ಡಿಂಗ್ ಬೆಳಕನ್ನು ಕಪ್ಪು ಗಾಜಿಲ್ಲದೆ ನೋಡಿದರೆ ಸಂಜೆಗೆ ಕಣ್ಣಿಗೆ ಮರಳು ಸುರಿದ ಹಾಗಾಗುತ್ತದೆ, ರೆಪ್ಪೆ ತೆರೆಯುವುದಕ್ಕೆ ಆಗುವುದಿಲ್ಲ. ನನಗೆ ಎಷ್ಟೋ ಸಲ ಹಾಗಾಗಿದೆ. ಪ್ರತಿ ಸಲವೂ ರಸ ಬಿಟ್ಟುಕೊಂಡೆ, ಪ್ರತಿ ಸಲವೂ ಎರಡು ದಿನಕ್ಕೆ ವಾಸಿಯಾಯಿತು. ರಸ ಬಿಡದಿದ್ದರೂ ಅದು ಎರಡು ದಿನಕ್ಕೆ ತಾನಾಗಿಯೇ ವಾಸಿಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಿಡದೆ ನೋಡೋಣ ಎಂದು ನಾನೂ ನೋಡಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಸುಗ್ಗಿ ಕಾಲದಲ್ಲಿ, ಎಲ್ಲರ ಹಾಗೆ ನಾವೂ ರಾಗಿ ತೆನೆಯನ್ನು ಟಾರ್ ರಸ್ತೆಗೆ ಹರಡಿದ್ದೆವು. ಬಸ್ಸು, ಟ್ರಾಕ್ಟರು ಅದರ ಮೇಲೆ ಹೋಗಿ ಹೋಗಿ ಕಾಳು ಬಿಡುತ್ತದೆ, ಆಮೇಲೆ ತೂರಿಕೊಳ್ಳುವುದು. ನಾರಾಯಣಮ್ಮ ತೂರುತ್ತಿದ್ದಾಗ ಒಂದು ಲಾರಿ ಪಕ್ಕದಲ್ಲೇ ಹಾದುಹೋಯಿತು. ಆ ಗಾಳಿಗೆ ಸುಂಕೆಲ್ಲ — ತೆನೆಯ ಹೊಟ್ಟಿನ ಚುಚ್ಚುವ ದೂಳು — ಎದ್ದು ಅವಳ ಎಡಗಣ್ಣಿಗೆ ಹೊಡೆಯಿತು. ನಾನು ರಸ ಬಿಟ್ಟೆ. ಮೂರನೇ ದಿನಕ್ಕೆ ಕಣ್ಣು ಕೆಂಡವಾಯಿತು. ಕೋಲಾರದ ಆಸ್ಪತ್ರೆಗೆ ಹೋಗೋಣ ಎಂದು ಅವಳ ತಮ್ಮ ಬಂದು ನಿಂತ. ನಾನು ಅವನನ್ನು ಬಾಗಿಲಿನಿಂದಲೇ ಕಳಿಸಿದೆ. ಊರಿನ ಕಣ್ಣಿಗೆಲ್ಲ ಔಷಧಿ ಹಾಕುವವನು ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಎಂದರೆ — ಜನ ಏನಂದಾರು? ಇದನ್ನೇ ಯೋಚಿಸಿದೆ. ಅವಳು ಗೋಡೆಗೆ ತಲೆ ಕೊಟ್ಟು ಕೂತಿದ್ದಳು, ನಾನು ಇದನ್ನು ಯೋಚಿಸುತ್ತಿದ್ದೆ. ಇನ್ನೂ ನಾಲ್ಕು ದಿನ ರಸ ಬಿಟ್ಟೆ.

ಕೊನೆಗೆ ಹೋದಾಗ ಡಾಕ್ಟರಮ್ಮ ಅವಳನ್ನು ಒಳಗೆ ಮಲಗಿಸಿ, ನನ್ನೊಬ್ಬನನ್ನೇ ಕರೆದರು. ಕಣ್ಣಿಗೆ ಏನು ಹಾಕಿದಿರಿ ಎಂದು ಕೇಳಿದರು. ಹೇಳಿದೆ. ಅವರು ಕೂಗಾಡಲಿಲ್ಲ. "ಸುಂಕು ಬಿದ್ದಿದ್ದಕ್ಕೆ ಕಣ್ಣು ಹೋಗ್ತಿರಲಿಲ್ಲ. ಮೊದಲನೇ ದಿನ ಬಂದಿದ್ದರೆ ತೆಗೆದು ಕಳಿಸ್ತಿದ್ವಿ. ಸೊಪ್ಪಿನ ರಸದಲ್ಲಿರೋ ಬೂಷ್ಟು ಹುಣ್ಣಿಗೆ ಹತ್ತಿಕೊಂಡಿದೆ. ನೋಟ ಮತ್ತೆ ಬರೋದಿಲ್ಲ, ಮಬ್ಬು ಬೆಳಕು ಉಳಿದರೆ ಅದೇ ಹೆಚ್ಚು" ಎಂದರು.

ಹೊರಗೆ ಬಂದೆ. ನಾರಾಯಣಮ್ಮನನ್ನು ಬೆಂಚಿನ ಮೇಲೆ ತಂದು ಕೂರಿಸಿದ್ದರು, ಕಣ್ಣಿಗೆ ಹತ್ತಿ ಕಟ್ಟಿತ್ತು. ಅವಳ ಪಕ್ಕ ಅವಳ ತಮ್ಮ ನಿಂತಿದ್ದ — ನಾನು ಬಾಗಿಲಿನಿಂದ ಓಡಿಸಿದ್ದವನು. "ಏನಂದ್ರು?" ಎಂದು ಕೇಳಿದಳು.

"ಸುಂಕಲ್ಲಿ ವಿಷ ಇತ್ತಂತೆ ಕಣೇ. ನಾನು ರಸ ಬಿಡದೆ ಇದ್ದಿದ್ರೆ ಕಣ್ಣುಗುಡ್ಡೇನೇ ಕಿತ್ತಾಕ್ಬೇಕಾಯ್ತಿತ್ತಂತೆ."

ಯೋಚಿಸಿ ಹೇಳಿದ ಮಾತಲ್ಲ. ಆದರೆ ಬಾಯಿಗೆ ಅಷ್ಟು ಸಲೀಸಾಗಿ ಬಂತು. ಅವಳ ತಮ್ಮ ತಲೆ ತಗ್ಗಿಸಿದ. ಅವಳು ಕೈ ಚಾಚಿ ನನ್ನ ಕೈ ಹುಡುಕಿ ಹಿಡಿದುಕೊಂಡಳು.

ಆಮೇಲೆ ನಾನು ಆ ಸೊಪ್ಪು ಮುಟ್ಟಲಿಲ್ಲ. ಔಷಧಿ ನಿಲ್ಲಿಸಿದೆ ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ! ಅದಕ್ಕೆ ಎಂದಿನ ಹಾಗೇ ಬೆಳಗಿನ ಜಾವ ಸೊಪ್ಪು ಬೆಳೆಯುವ ಬೇಲಿ ಕಡೆ ಹೋಗುತ್ತಿದ್ದೆ, ಬರಿ ಮುಷ್ಟಿ ಮುಚ್ಚಿಕೊಂಡು ಬರುತ್ತಿದ್ದೆ. ಬಂದವರ ಕಣ್ಣಿಗೆ ಕಾಯಿಸಿ ಆರಿಸಿದ ನೀರು ಬಿಡುತ್ತಿದ್ದೆ. ಎಷ್ಟೋ ಜನಕ್ಕೆ ತಾನಾಗಿಯೇ ವಾಸಿಯಾಗುತ್ತಿತ್ತು. ನನ್ನ ಹೆಸರು ಇನ್ನೂ ಬೆಳೆಯಿತು. ಅದನ್ನು ಬೆಳೆಸಿದವಳು ನಾರಾಯಣಮ್ಮ. ಮಬ್ಬು ಕವಿದ ಆ ಕಣ್ಣನ್ನು ತೋರಿಸಿ ತೋರಿಸಿ, "ನಮ್ಮವ್ನು ಉಳಿಸ್ದ" ಎಂದು ಹೇಳಿಕೊಂಡು ಬಂದಳು.

ಹೋದ ವರ್ಷ ಬಂಗಾರಪೇಟೆಯಿಂದ ಮೂವತ್ತು ಜನ ಕಾಶಿಗೆ ಹೊರಟರು, ನಾವಿಬ್ಬರೂ ಹೋದೆವು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಒಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು. ನಾರಾಯಣಮ್ಮ ಅವರೆಕಾಯಿ ಬಿಟ್ಟಳು. ನಮ್ಮ ಕಡೆಯವರಿಗೆ ಅವರೆಕಾಯಿ ಬಿಡುವುದು ಎಂದರೆ ಏನೆಂದು ನಮ್ಮ ಕಡೆಯವರಿಗೇ ಗೊತ್ತು. ನಾನು ನೀರಲ್ಲಿ ನಿಂತು, ಈ ಸುಳ್ಳನ್ನು ಇಲ್ಲೇ ಬಿಟ್ಟುಬಿಡಲೇ ಎಂದುಕೊಂಡೆ. ಬಾಯಿ ತೆರೆದಾಗ ಬಂದದ್ದು ಹಾಗಲಕಾಯಿ. ಹಾಗಲಕಾಯಿ ನನಗೆ ಮೊದಲಿನಿಂದಲೂ ಸೇರುವುದಿಲ್ಲ.

ವಾಪಸು ಬರುವಾಗ ಕೋಲ್ಕತ್ತದಲ್ಲಿ ಇಳಿಸಿದರು. ಕಾಳಿ ದರ್ಶನ ಮಾಡಿಸಿ, ಸಂಜೆ ದೋಣಿ ಹತ್ತಿಸಿದರು. ಹೊಳೆಯೇ ಇಲ್ಲದ ಸೀಮೆಯವರು ನಾವು. ಅಷ್ಟು ನೀರು ಕಂಡು ಹೆಂಗಸರೆಲ್ಲ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡರು. ಕತ್ತಲು ಇಳಿಯುತ್ತಿದ್ದ ಹಾಗೇ ಹೌರಾ ಸೇತುವೆಗೆ ದೀಪ ಹತ್ತಿತು. ಒಂದು ಬಣ್ಣ ಹೋಗಿ ಇನ್ನೊಂದು ಬಣ್ಣ ಬರುತ್ತಿತ್ತು, ಕೆಳಗಿನ ನೀರೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ದೂರದಲ್ಲಿ ತಂತಿಗಳಿಂದ ತೂಗುಹಾಕಿದ ಇನ್ನೊಂದು ಸೇತುವೆ. ನಾನು ನೋಡಿದ್ದು ಕಬ್ಬಿಣವನ್ನು. ಅಷ್ಟು ದೊಡ್ಡ ಕಮಾನಿಗೆ ನಟ್ಟು ಬೋಲ್ಟು ಹಾಕಿಲ್ಲ, ಎಲ್ಲಾ ರಿವೆಟ್ಟು ಹೊಡೆದು ಕೂರಿಸಿದ್ದು ಎಂದು ಪಕ್ಕದವರಿಗೆ ವಿವರಿಸಲು ಶುರುಮಾಡಿದೆ.

ಪಕ್ಕದವರು ಎಂದರೆ ಮಾರಿಕುಪ್ಪಂನ ಸರೋಜಕ್ಕ. ಗಂಡ ಅಲ್ಲಿನ ಚಿನ್ನದ ಗಣಿಯಲ್ಲಿದ್ದವರು, ಈಗಿಲ್ಲ. ಅವರು ಸ್ಟೇಷನ್ ಹತ್ತಿರ ಹೂ ಕಟ್ಟಿ ಮಾರುತ್ತಾರೆ. ಮನೆಮಾತು ತಮಿಳು, ಬಾಯಿ ಜೋರು. ರೈಲಿನಲ್ಲಿ ನಮ್ಮ ಎದುರು ಸೀಟಿನಲ್ಲಿ ಕೂತವರು, ಅಷ್ಟು ದಿನದಲ್ಲಿ ನಾರಾಯಣಮ್ಮನಿಗೆ ಅಕ್ಕನೇ ಆಗಿಬಿಟ್ಟಿದ್ದರು.

"ಸಾಕು ಸುಮ್ನಿರಿ ಮೇಸ್ತ್ರಿ," ಎಂದರು ಸರೋಜಕ್ಕ. "ಬಿಟ್ರೆ ಸೇತುವೇನೂ ನಾನೇ ಬೆಸೆದೆ ಅಂತೀರ. ಅಮ್ಮಾ ನಾರಾಯಣಿ, ಎಂಗೆ ಬಾಳಿದೆಮ್ಮಾ ಇವರ ಜೊತೆ?"

"ಕಿವಿ ಒಂದು ಕಿವುಡಾಗಿದ್ರೆ ಚೆನ್ನಾಗಿತ್ತಕ್ಕಾ, ಕಣ್ಣು ಓಯ್ತು," ಎಂದಳು ನಾರಾಯಣಮ್ಮ. ಇಬ್ಬರೂ ನಕ್ಕರು.

ಆಮೇಲೆ ಅವಳು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಕೆಟ್ಟ ಕಣ್ಣೊಂದರಲ್ಲೇ ಸೇತುವೆ ಕಡೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಬಾಯಿ ತೆರೆಯಿತು.

"ಅಯ್ಯೋ, ಬಾರಯ್ಯಾ ಇಲ್ಲಿ! ಈ ಕಣ್ಣಾಗೆ ನೋಡಿದ್ರೆ ಒಂದೊಂದು ದೀಪಾನೂ ಊವು ಬಿಟ್ಟಂಗೈತೆ. ಸೇತುವೆ ಇಲ್ಲ, ನೀರಿಲ್ಲ — ಬರೀ ಊವೇ. ನೀನು ಉಳಿಸ್ಕೊಡದೆ ಇದ್ದಿದ್ರೆ ನನಗಿದೆಲ್ಲಿ ಕಾಣ್ತಿತ್ತು?"

ಅದು ಹುಣ್ಣಿನ ಕಲೆ. ಕಲೆಯಿದ್ದ ಕಣ್ಣಿಗೆ ದೀಪ ಹಾಗೆ ಒಡೆದು ಕಾಣುತ್ತದೆ ಎಂದು ಡಾಕ್ಟರಮ್ಮ ನನಗೆ ಆವತ್ತೇ ಹೇಳಿದ್ದರು. ನಾನು ಮಾಡಿದ ಗಾಯವನ್ನು ಅವಳು ಹೂವು ಎಂದು ನೋಡುತ್ತಿದ್ದಳು, ನನಗೆ ಕೈ ಮುಗಿಯುವುದೊಂದು ಬಾಕಿ. ಆಗ ಹೇಳಬಹುದಿತ್ತು. ದೋಣಿಯಲ್ಲಿ ನಮ್ಮ ಸುತ್ತ ಕತ್ತಲಿತ್ತು, ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ — ಅದಕ್ಕಿಂತ ಸುಲಭದ ಜಾಗ ನನಗೆ ಎಲ್ಲಿ ಸಿಗುತ್ತಿತ್ತು?

ಅವಳು ಸರೋಜಕ್ಕನ ಕಡೆ ತಿರುಗಿ, "ನಿನ್ ಕಣ್ಣು ನೀರು ಸುರಿಸ್ತೈತೆ ಅಂತಿದ್ದಲ್ಲಕ್ಕಾ, ಊರಿಗೋದ್ಮೇಲೆ ನಮ್ಮನೆಗೆ ಬಾ. ಇವ್ನು ಬಿಡ್ತಾನೆ" ಎಂದಳು.

"ಬತ್ತೀನಮ್ಮಾ. ಮೇಸ್ತ್ರಿ, ಬರಲಾ?"

ನಾನು "ಬನ್ನಿ" ಅಂದೆ.

ಊರಿಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಸರೋಜಕ್ಕ ರೈಲು ಹತ್ತಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಹೂ ಕಟ್ಟುವಾಗ ನಾರಿನ ಚೂರು ಕಣ್ಣಿಗೆ ಹೊಡೆದಿತ್ತಂತೆ. ನಾನು ಒಂದು ಗೇಟು ನಿಲ್ಲಿಸುತ್ತಿದ್ದೆ. ನಾರಾಯಣಮ್ಮ ಫೋನು ಮಾಡಿದಳು. "ಅಕ್ಕ ಬಂದವ್ರೆ, ಕಣ್ಣು ಕೆಂಪಗೈತೆ, ಬಿರ್ರನೆ ಬಾ."

ಆಸ್ಪತ್ರೆಗೆ ಕರೆದುಕೊಂಡು ಹೋಗು — ಇಷ್ಟೇ ಮಾತು ಸಾಕಿತ್ತು. ನಾನು, "ಕೆಲಸ ಐತೆ, ಸಾಯಂಕಾಲ ಬತ್ತೀನಿ, ಕಾಯಕ್ಕೇಳು" ಅಂದೆ. ನೀರು ಬಿಟ್ಟು ಕಳಿಸಿದರಾಯಿತು ಎಂದುಕೊಂಡಿದ್ದೆ.

ಸರೋಜಕ್ಕನಿಗೆ ಉರಿ ತಡೆಯಲಾಗಲಿಲ್ಲ. ಹೊತ್ತೇರಿದ್ದನ್ನೂ ನೋಡದೆ ನಾರಾಯಣಮ್ಮ ನಾನು ಹೋಗುವ ಬೇಲಿಗೆ ಹೋದಳು. ನಾನು ಮುಚ್ಚಿಟ್ಟ ಸೊಪ್ಪು ಯಾವುದೆಂದು ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಗೊತ್ತಿರುವುದಿಲ್ಲವೇ? ಕಿತ್ತಳು, ನನ್ನ ಹಾಗೇ ಅಂಗೈಯಲ್ಲಿ ಹಿಂಡಿದಳು, ಬಿಟ್ಟಳು. ನಾನು ಹನ್ನೊಂದು ವರ್ಷದಿಂದ ಬಿಡುತ್ತಿದ್ದದ್ದು ನೀರು ಎಂದು ಅವಳಿಗೇನು ಗೊತ್ತು? ಅವಳು ಬಿಟ್ಟದ್ದು ನಿಜವಾದ ರಸ. ಸಂಜೆ ನಾನು ಬರುವ ಹೊತ್ತಿಗೆ, ಇನ್ನೂ ನಾಲ್ಕು ದಿನಕ್ಕಾಗುವಷ್ಟು ಎಲೆಯನ್ನು ಸೆರಗಿಗೆ ಕಟ್ಟಿ ಸರೋಜಕ್ಕನನ್ನು ಬಸ್ಸು ಹತ್ತಿಸಿದ್ದಳು. "ನಾನೇ ಮಾಡ್ದೆ, ನಿನ್ ಕೆಲಸ ಉಳೀತು" ಎಂದು ನಕ್ಕಳು.

ಅವತ್ತೇ ಮಾರಿಕುಪ್ಪಂಗೆ ಓಡಬೇಕಿತ್ತು. ಓಡಲಿಲ್ಲ. ಏನೂ ಆಗುವುದಿಲ್ಲ, ಎಲ್ಲರ ಕಣ್ಣಿಗೂ ಆಗುತ್ತದೆಯೇ ಎಂದು ಉಂಡು ಮಲಗಿದೆ.

ಸರೋಜಕ್ಕನ ಬಲಗಣ್ಣು ಹೋಯಿತು. ಮಬ್ಬು ಕೂಡ ಉಳಿಯಲಿಲ್ಲ. ಕಣ್ಣುಗುಡ್ಡೆಯನ್ನೇ ತೆಗೆದರು. ಬೆಂಚಿನ ಮುಂದೆ ನಿಂತು ನಾನು ಹೇಳಿದ ಸುಳ್ಳು ಇನ್ನೊಬ್ಬರ ಮುಖದ ಮೇಲೆ ನಿಜವಾಯಿತು.

ನಾರಾಯಣಮ್ಮ ಅದಕ್ಕೆ ತಾನೇ ಒಂದು ಕಾರಣ ಕಂಡುಕೊಂಡಳು. ಅದೇ ಸೊಪ್ಪು, ಅದೇ ಬೇಲಿ. ನನ್ನ ಕೈಯಲ್ಲಿ ಉಳಿದದ್ದು ಅವಳ ಕೈಯಲ್ಲಿ ಹೋಯಿತು ಎಂದರೆ ಕೆಟ್ಟದ್ದು ಅವಳ ಕೈ.

ಅವಳ ಕೈ ಎಂಥದ್ದು ಎಂದು ಹೇಳಬೇಕು. ನಮ್ಮೂರಿನ ಕೂಸುಗಳಿಗೆಲ್ಲ ಮೊದಲ ನೀರು ಹಾಕಿದವಳು ಅವಳು. ಕಾಲು ನೀಡಿ, ಅದರ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದರೆ ಎಂಥ ಹಟದ ಕೂಸೂ ಅಲ್ಲೇ ನಿದ್ದೆ ಹೋಗುತ್ತಿತ್ತು. ಆವತ್ತಿನಿಂದ ಅವಳು ಒಂದು ಮಗುವನ್ನೂ ಮುಟ್ಟಿಲ್ಲ. ಮೊನ್ನೆ ಎದುರುಮನೆಯವರು ಹನ್ನೊಂದು ದಿನದ ಕೂಸನ್ನು ತಂದು ಬಾಗಿಲಲ್ಲಿ ನಿಂತರು. ಇವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಬ್ಯಾಡ ಕಣವ್ವ, ಈ ಕೈ ಒಳ್ಳೇದಲ್ಲ. ಬೇರೆ ಯಾರನ್ನಾದ್ರೂ ಕರೀರಿ" ಎಂದಳು.

ಅದನ್ನು ಕಣ್ಣಾರೆ ಕಂಡಮೇಲೆ ಹೇಳಿದೆ. ಅಡುಗೆಮನೆಯಲ್ಲಿ, ಮಧ್ಯಾಹ್ನ, ಅವಳು ಮುದ್ದೆಗೆ ಹಿಟ್ಟು ತೊಳಸುತ್ತಿದ್ದಾಗ. ಎಲ್ಲಾ ಹೇಳಿದೆ — ಡಾಕ್ಟರಮ್ಮ ಹೇಳಿದ್ದು, ಬೆಂಚಿನ ಹತ್ತಿರ ನಾನು ಹೇಳಿದ್ದು, ನೀರು, ಫೋನು, ಎಲ್ಲಾ. ಅವಳು ಕೋಲು ಬಿಡದೆ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅವಳು ಒಂದೇ ಕಣ್ಣಲ್ಲಿ ನನ್ನನ್ನು ನೋಡಿ, "ನನ್ ಸಮಾಧಾನಕ್ಕೆ ಎಲ್ಲಾನೂ ನಿನ್ ಮ್ಯಾಲೆ ಎಳ್ಕೋತೀಯಾ? ಇಂಥಾ ಸುಳ್ಳು ಏಳೋನಲ್ಲ ನೀನು. ನನಗಾಗಿ ಏಳ್ತಿದ್ದೀಯಾ, ಅಲ್ವಾ?" ಎಂದಳು. ಆಣೆ ಇಟ್ಟೆ. "ಆಣೆ ಬ್ಯಾರೆ ಇಡ್ಬ್ಯಾಡ" ಎಂದು ಕಣ್ಣೊರೆಸಿಕೊಂಡಳು. ತಟ್ಟೆಗೆ ಒಂದು ಮುದ್ದೆ ಇಟ್ಟಳು, ಇನ್ನೊಂದನ್ನೂ ಇಟ್ಟಳು. ಇಂಥ ಗಂಡ ಯಾರಿಗೆ ಸಿಕ್ತಾನೆ ಎಂದು ಗೊಣಗಿದಳು. ನಾನು ಎರಡನ್ನೂ ಉಂಡೆ.

ಆಸ್ಪತ್ರೆಯ ಚೀಟಿಯನ್ನು ಹನ್ನೊಂದು ವರ್ಷದ ಹಿಂದೆಯೇ ನಾನು ಹರಿದು ಹಾಕಿದ್ದೇನೆ. ಆ ಡಾಕ್ಟರಮ್ಮನೂ ಈಗ ಅಲ್ಲಿಲ್ಲ. ತೋರಿಸುವುದಕ್ಕೆ ನನ್ನ ಬಾಯಿ ಒಂದು ಬಿಟ್ಟು ಏನೂ ಇಲ್ಲ. ಆ ಬಾಯಿಯನ್ನು ಎಷ್ಟರಮಟ್ಟಿಗೆ ನಂಬಿಸಿಟ್ಟಿದ್ದೇನೆ ಎಂದರೆ, ಈಗ ಅದು ನಿಜ ಹೇಳಿದರೂ ಅವಳಿಗೆ ಅದು ನನ್ನ ಒಳ್ಳೆಯತನವಾಗಿ ಕೇಳಿಸುತ್ತದೆ.

ಉಳಿದಿರುವವರು ಸರೋಜಕ್ಕ. ಅವರಿಗೆ ನಾನು ದೇವರಲ್ಲ, ಬಾಯಿಬಡುಕ ಮೇಸ್ತ್ರಿ ಅಷ್ಟೇ. ಅವರು ನಂಬುತ್ತಾರೆ. ಭಾನುವಾರದ ರೈಲಿಗೆ ಮಾರಿಕುಪ್ಪಂಗೆ ಹೋಗುತ್ತೇನೆ. ಅವರ ಬೀದಿಯಲ್ಲಿ, ನಾಲ್ಕು ಜನರ ಎದುರಿಗೆ ಹೇಳುತ್ತೇನೆ. ಅವರು ಚಪ್ಪಲಿ ತೆಗೆದುಕೊಂಡರೆ ತೆಗೆದುಕೊಳ್ಳಲಿ. ನಾರಾಯಣಮ್ಮನನ್ನೂ ಜೊತೆಗೆ ಕರೆದೆ, ಅವರು ಬೈಯುವುದನ್ನಾದರೂ ಅವಳು ಕೇಳಲಿ ಎಂದು. ಬರುವುದಿಲ್ಲ ಎಂದಿದ್ದಾಳೆ. ಆಯಮ್ಮನಿಗೆ ಮುಖ ತೋರಿಸುವ ಯೋಗ್ಯತೆ ತನಗಿಲ್ಲವಂತೆ.